ಸ್ವಿಂಗ್ ತಂಡದಲ್ಲಿ ರೆಸೊನೇಟರ್ ಗಿಟಾರ್: ಮಾರಿಬಿಡಲೋ, ಇಟ್ಕೊಳ್ಳಲೋ?

ಒಂಟಿಕೋನ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಸಣ್ಣ ಸ್ವಿಂಗ್ (ಹಳೇ ಕಾಲದ ಜಾಝ್ ಶೈಲಿ) ತಂಡವೊಂದರಲ್ಲಿ ಗಿಟಾರ್ ನುಡಿಸ್ತಾ ಇದ್ದೇನೆ. ಕ್ಲಾರಿನೆಟ್, ಪಿಟೀಲು, ಡಬಲ್ ಬಾಸ್, ನಾನು. ನಾಲ್ಕೇ ಜನ, ಡ್ರಮ್ಸ್ ಇಲ್ಲ. ಹಾಗಾಗಿ ತಾಳ ಹಿಡಿಯೋ ಕೆಲಸ ಪೂರ್ತಿ ಬಾಸ್ ಮತ್ತು ನನ್ನ ಮೇಲೆ.

ನನ್ನ ಗಿಟಾರ್ ಹಿತ್ತಾಳೆ ಮೈಯ, ನಿಕಲ್ ಲೇಪ ಇರೋ ರೆಸೊನೇಟರ್, ಅಂದ್ರೆ ಒಳಗಿನ ಲೋಹದ ಕೋನ್ ಸದ್ದು ಹಿಗ್ಗಿಸೋ ಗಿಟಾರ್. ಒಂದೇ ಕೋನ್, ಬಿಸ್ಕಟ್ ಬ್ರಿಜ್ (ತಂತಿ ಹೊರೋ ಕುದುರೆ ಕೋನಿನ ಮೇಲಿನ ಮರದ ಬಿಲ್ಲೆಯಲ್ಲಿ ಕೂತಿರುತ್ತೆ). ಬ್ಲೂಸ್ ನುಡಿಸೋಕೆ ಅಂತ ತಗೊಂಡದ್ದು, ಆಮೇಲೆ ಸ್ವಿಂಗ್ ಕಡೆ ಮನಸ್ಸು ಹೊರಳಿತು. ನಿಧಾನದ ಹಾಡುಗಳಲ್ಲಿ ಚೆನ್ನಾಗೇ ಕೇಳುತ್ತೆ. ಲಯ ನಿಮಿಷಕ್ಕೆ 180 ಎಣಿಕೆ ದಾಟಿತು ಅಂದ್ರೆ ಕಾರ್ಡ್‌ಗಳೆಲ್ಲ (ಒಟ್ಟಿಗೆ ಮೀಟೋ ಸ್ವರಗುಚ್ಛಗಳು) ಒಂದರ ಮೇಲೊಂದು ಬಿದ್ದು ಕಲಸಿಹೋಗ್ತವೆ. ಹೋದ ವಾರ ಅಭ್ಯಾಸದ ಮಧ್ಯೆ ಕ್ಲಾರಿನೆಟ್ ನುಡಿಸೋರು ನಿಲ್ಲಿಸಿ, "ತಗಡಿಗೆ ಕಲ್ಲು ಹೊಡೆದ ಹಾಗೆ ಕೇಳ್ತಿದೆ, ನನ್ನ ಸ್ವರವೇ ನನಗೆ ಕೇಳಿಸ್ತಿಲ್ಲ" ಅಂದ್ರು. ಅವರು ಸುಮ್ಮಸುಮ್ಮನೆ ಏನೂ ಹೇಳೋರಲ್ಲ. ಮನಸ್ಸಿಗೆ ನಾಟಿತು.

ತಂತಿ ಮೀಟೋಕೆ ತೆಳು ಪಿಕ್ ಹಿಡಿದು ನೋಡಿದೆ, ಇನ್ನೂ ಚಟಪಟ ಅಂತು. ಮಾಮೂಲಿ ಗಿಟಾರಿನ ಹಾಗೆ ಅಂಗೈ ಅಂಚನ್ನು ಬ್ರಿಜ್ ಹತ್ತಿರ ತಂತಿ ಮೇಲಿಟ್ಟು ಅದುಮೋಣ ಅಂದ್ರೆ, ಬ್ರಿಜ್ ಮೇಲೆ ಲೋಹದ ಕೈಪಟ್ಟಿ ಅಡ್ಡ ಇದೆ. ಆರೂ ತಂತಿ ತುಂಬಿಸಿ 'ಬ್ಯಾರೆ' ಕಾರ್ಡ್ (ಒಂದು ಬೆರಳನ್ನು ಎಲ್ಲ ತಂತಿಗೂ ಅಡ್ಡ ಒತ್ತಿ ಹಿಡಿಯೋದು) ಹಿಡಿಯೋದು ನನ್ನ ರೂಢಿ.

ಕೇಳಬೇಕಾದ್ದು ಇಷ್ಟು. ಈ ವಾದ್ಯ ಸ್ವಿಂಗ್‌ಗೆ ಆಗಿಬರೋದೇ ಇಲ್ವಾ? ಇದನ್ನ ಮಾರಿ ಆರ್ಚ್‌ಟಾಪ್ (ಉಬ್ಬಿದ ಮರದ ಮುಖದ ಗಿಟಾರ್) ತಗೊಳ್ಳೋದು ವಾಸಿನಾ? ಇದರಲ್ಲಿ ಜಾಝ್ ನುಡಿಸಿದವರು ನಿಜವಾಗಿ ಯಾರಾದ್ರೂ ಇದ್ದಾರಾ?

ಮೂರನೇತಂತಿ:

ಮಾರಬೇಡಿ. ಅದನ್ನು ಮೊದಲು ಹೇಳಿ ಮಿಕ್ಕದ್ದಕ್ಕೆ ಬರ್ತೀನಿ.

ನಾನು ಟ್ರೈಕೋನ್ (ಮೂರು ಕೋನಿನ ರೆಸೊನೇಟರ್) ಹಿಡಿದು ಇಪ್ಪತ್ತೆರಡು ವರ್ಷ ಆಯ್ತು, ಅದರಲ್ಲಿ ಹದಿನೈದು ವರ್ಷ ಸ್ವಿಂಗ್ ಬಿಟ್ಟು ಬೇರೇನೂ ನುಡಿಸಿಲ್ಲ. ನೀವು ಬರೆದದ್ದರಲ್ಲಿ ಕೊನೆಗೆ ಸಣ್ಣದಾಗಿ ಒಂದು ಮಾತು ಬಂತಲ್ಲ, "ಆರೂ ತಂತಿ ತುಂಬಿಸಿ" ಅಂತ? ತೊಂದರೆ ಇರೋದು ಅಲ್ಲೇ. ಗಿಟಾರಿನದ್ದೇನೂ ತಪ್ಪಿಲ್ಲ.

ಈ ವಾದ್ಯ ಬ್ಲೂಸ್‌ನದು ಅಂತ ನಾವೆಲ್ಲ ಅಂದ್ಕೊಂಡುಬಿಟ್ಟಿದ್ದೀವಿ. ಹುಟ್ಟಿದ್ದು ಹಾಗಲ್ಲ. 1920ರ ದಶಕದಲ್ಲಿ ಲಾಸ್ ಏಂಜಲಿಸ್‌ನಲ್ಲಿ ಜಾರ್ಜ್ ಬೋಶಾಂಪ್ ಅಂತ ಒಬ್ಬರು ವಾಡ್‌ವಿಲ್ (ಹಾಡು, ಹಾಸ್ಯದ ಮನರಂಜನೆ) ರಂಗದ ಮೇಲೆ ಹವಾಯಿ ಶೈಲಿಯ ಗಿಟಾರ್ ನುಡಿಸ್ತಿದ್ರು. ಅವರಿಗೆ ಬೇಕಾಗಿದ್ದದ್ದು ಒಂದೇ, ವಾದ್ಯವೃಂದದ ಸದ್ದಿನ ಮಧ್ಯೆ ಕೇಳಿಸುವಂಥ ಗಿಟಾರ್. ಸ್ಲೊವಾಕಿಯಾ ಮೂಲದ ಜಾನ್ ಡೋಪ್ಯೇರಾ ಅದಕ್ಕೆ ದಾರಿ ಹುಡುಕಿದರು. ಮರದ ಮುಖಫಲಕದ ಜಾಗದಲ್ಲಿ ಕಾಗದದಷ್ಟು ತೆಳ್ಳಗಿನ ಅಲ್ಯೂಮಿನಿಯಂ ಕೋನ್‌ಗಳು. ಆರಾರು ಇಂಚಿನವು ಮೂರು, ಅವನ್ನು ಜೋಡಿಸೋಕೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಬ್ರಿಜ್. ಮೈ ಜರ್ಮನ್ ಸಿಲ್ವರಿನದು. ಹೆಸರಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. 1927ರ ಹೊತ್ತಿಗೆ ಬಂದ ನ್ಯಾಷನಲ್ ಕಂಪನಿಯ ಟ್ರೈಕೋನ್ ಅದೇ. ನಿಮ್ಮ ಕೈಲಿರೋ ಒಂಬತ್ತೂವರೆ ಇಂಚಿನ ಒಂಟಿ ಕೋನ್, ಅದರ ನೆತ್ತಿ ಮೇಲೆ ಮರದ ಬಿಲ್ಲೆ, ಆ ರಚನೆ ಸ್ವಲ್ಪ ಆಮೇಲೆ ಬಂತು. ಡೋಪ್ಯೇರಾ ಅದೇ ಸುಮಾರಿಗೆ ಕಂಪನಿ ಬಿಟ್ಟು ಸಹೋದರರ ಜೊತೆ ಡೋಬ್ರೊ ಶುರು ಮಾಡಿದ್ರು. ಡೋಪ್ಯೇರಾ, ಬ್ರದರ್ಸ್, ಎರಡರ ಮೊದಲ ಅಕ್ಷರಗಳು ಸೇರಿ ಡೋಬ್ರೊ. ಸ್ಲೊವಾಕ್ ಭಾಷೆಯಲ್ಲಿ ಆ ಪದಕ್ಕೆ ಒಳ್ಳೇದು ಅಂತಲೇ ಅರ್ಥ.

ಅಂದ್ರೆ ನಿಮ್ಮ ವಾದ್ಯ ಹುಟ್ಟಿದ್ದೇ ನೀವೀಗ ಕೂತಿರೋ ಥರದ ಜಾಗಕ್ಕೆ. ಗಾಳಿವಾದ್ಯದ ಪಕ್ಕದಲ್ಲಿ ಕೂತು ಕೇಳಿಸ್ಕೊಳ್ಳೋಕೆ.

ನುಡಿಸಿದವರು ಯಾರು ಅಂದ್ರಲ್ಲ, ಮೊದಲು ಆಸ್ಕರ್ ಅಲೆಮಾನ್ ಹೆಸರು ಬರೆದಿಟ್ಕೊಳ್ಳಿ. 1909ರಲ್ಲಿ ಅರ್ಜೆಂಟೀನಾದ ಚಾಕೊ ಪ್ರಾಂತ್ಯದಲ್ಲಿ ಹುಟ್ಟಿದವರು. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ನರ್ತಕಿ, ಗಾಯಕಿ ಜೋಸೆಫಿನ್ ಬೇಕರ್ ಅವರ ತಂಡದಲ್ಲಿದ್ದರು. ಹೆಸರಾಂತ ಜಾಝ್ ಗಿಟಾರಿಗ ಜಾಂಗೊ ರೈನ್‌ಹಾರ್ಟ್ ಇದ್ದದ್ದೂ ಅದೇ ಊರು, ಅದೇ ಕಾಲ, ಇಬ್ಬರಿಗೂ ಸ್ನೇಹ ಇತ್ತು. ಜಾಂಗೊ ಕೈಲಿ ಸೆಲ್ಮರ್ ಕಂಪನಿಯ ಮರದ ಗಿಟಾರ್, ಅಲೆಮಾನ್ ಕೈಲಿ ಲೋಹದ ಟ್ರೈಕೋನ್. 1938ರಲ್ಲಿ ಕೋಪನ್‌ಹೇಗನ್‌ನಲ್ಲಿ ಅಲೆಮಾನ್ ಒಬ್ಬರೇ ನುಡಿಸಿದ 'ನೋಬಡೀಸ್ ಸ್ವೀಟ್‌ಹಾರ್ಟ್' ಹುಡುಕಿ ಕೇಳಿ. ಹೆಬ್ಬೆರಳಿಗೆ ಪಿಕ್, ಮಿಕ್ಕದ್ದಕ್ಕೆ ಬರಿಬೆರಳು. ಬಾಸ್, ಕಾರ್ಡ್, ರಾಗ ಮೂರೂ ಒಂದೇ ಕೈಯಲ್ಲಿ ಬರ್ತವೆ, ಒಂದು ಸ್ವರವೂ ಇನ್ನೊಂದಕ್ಕೆ ಅಂಟಿಕೊಳ್ಳಲ್ಲ. ನಾನು ಅದನ್ನು ಮೊದಲ ಸಲ ಕೇಳಿದ ರಾತ್ರಿ ಗಿಟಾರ್ ಮುಟ್ಟಲೇ ಇಲ್ಲ, ಬೆಳಗಿನವರೆಗೂ ಅದನ್ನೇ ಮತ್ತೆ ಮತ್ತೆ ಹಾಕಿ ಕೇಳಿದ್ದೆ.

ಎರಡನೆಯವರು ಎಡ್ಡಿ ಡರ್ಹ್ಯಾಮ್. ಟ್ರೊಂಬೋನ್ ನುಡಿಸ್ತಿದ್ರು, ವಾದ್ಯಸಂಯೋಜನೆ ಮಾಡ್ತಿದ್ರು, ಗಿಟಾರೂ ನುಡಿಸ್ತಿದ್ರು. 1935ರಲ್ಲಿ ಜಿಮ್ಮಿ ಲನ್ಸ್‌ಫರ್ಡ್ ಅವರ ವಾದ್ಯವೃಂದದ 'ಹಿಟ್ಟಿನ್ ದ ಬಾಟಲ್'ನಲ್ಲಿ ಅವರ ರೆಸೊನೇಟರ್ ಸೋಲೋ ಇದೆ. ಲನ್ಸ್‌ಫರ್ಡ್ ಮೈಕನ್ನೇ ತಂದು ಗಿಟಾರಿನ ಎಫ್ ರಂಧ್ರದ ಪಕ್ಕಕ್ಕೆ ಹಿಡೀತಿದ್ರಂತೆ. ದೊಡ್ಡ ವಾದ್ಯವೃಂದದಲ್ಲಿ ಗಿಟಾರಿಗೆ ಸೋಲೋ ಜಾಗ ಸಿಕ್ಕಿದ ಮೊದಲ ದಿನಗಳು ಅವು. ಆಮೇಲೆ ಪಿಕಪ್ ಇರೋ (ವಿದ್ಯುತ್ತಿಂದ ಸದ್ದು ಹಿಗ್ಗಿಸೋ) ಗಿಟಾರ್ ಜಾಝ್‌ಗೂ ಬಂತು, 1939ರಲ್ಲಿ ಅಂಥ ಗಿಟಾರ್ ಹಿಡಿದ ಚಾರ್ಲಿ ಕ್ರಿಶ್ಚಿಯನ್, ಬೆನ್ನಿ ಗುಡ್‌ಮನ್ ಅವರ ಸ್ವಿಂಗ್ ತಂಡ ಸೇರಿದ್ರು, ಜಾಝ್‌ನವರಿಗೆ ಕೋನ್ ಬೇಕಾಗಲಿಲ್ಲ. ಸದ್ದು ದೊಡ್ಡದು ಮಾಡೋಕೆ ಸುಲಭದ ದಾರಿ ಸಿಕ್ಕಿದ್ದರಿಂದ ಬಿಟ್ಟರು. ನಾದ ಜಾಝ್‌ಗೆ ಒಗ್ಗಲಿಲ್ಲ ಅಂತಲ್ಲ. ಈ ವ್ಯತ್ಯಾಸ ನನಗೆ ಬಹಳ ಮುಖ್ಯ ಅನ್ಸುತ್ತೆ.

ಈಗ ಕೈಗೆ ಬರೋಣ.

ಕೋನ್ ಹಗುರ. ತಂತಿ ಮೀಟಿದ ಕ್ಷಣವೇ ಇರೋದನ್ನೆಲ್ಲ ಹೊರಗೆ ಎಸೆದುಬಿಡುತ್ತೆ. ಒಂಟಿ ಕೋನಿನಲ್ಲಿ ಆ ಮೊದಲ ಏಟು ಇನ್ನೂ ಚೂಪು. ಒಂದೊಂದು ಸ್ವರದ ಜೊತೆಗೂ ಮೇಲಿನ ಅನುಸ್ವರಗಳು ದಂಡಿಯಾಗಿ ಬರ್ತವೆ. ಬ್ಯಾರೆ ಕಾರ್ಡಿನಲ್ಲಿ ಮೂಲಸ್ವರ ಮೂರು ಸಲ, ಐದನೇ ಸ್ವರ ಎರಡು ಸಲ ಬರುತ್ತಲ್ಲ, ಮರದ ಗಿಟಾರಿನಲ್ಲಿ ಅದು ತುಂಬಿದ ನಾದ. ಇದರಲ್ಲಿ ಅವೇ ಅನುಸ್ವರಗಳು ಒಂದನ್ನೊಂದು ಗುದ್ದಿ ಗಲಾಟೆ ಆಗುತ್ತೆ. ನಿಮ್ಮ ಕ್ಲಾರಿನೆಟ್‌ನವರಿಗೆ ಕೇಳಿಸಿದ ತಗಡು ಅದೇ.

ಮೂರು ಸ್ವರ ಸಾಕು. ಆರನೇ (ಎಲ್ಲಕ್ಕಿಂತ ದಪ್ಪದ್ದು), ನಾಲ್ಕನೇ, ಮೂರನೇ ತಂತಿ. ಕೌಂಟ್ ಬೇಸಿ ಅವರ ದೊಡ್ಡ ಸ್ವಿಂಗ್ ತಂಡದಲ್ಲಿ 1937ರಿಂದ ಸಾಯೋವರೆಗೆ, ಐವತ್ತು ವರ್ಷ, ಕೂತು ನುಡಿಸಿದ ಫ್ರೆಡ್ಡಿ ಗ್ರೀನ್ ಅವರ ದಾರಿ ಇದು. ಅವರದು ಆರ್ಚ್‌ಟಾಪ್, ಆದ್ರೆ ಈ ಪಾಠ ನಮಗೆ ಅವರಿಗಿಂತ ಹೆಚ್ಚು ಬೇಕು. ತಂತಿಗಳು ಮಾಮೂಲಿ ಶ್ರುತಿಯಲ್ಲೇ ಇರಲಿ, ಜಿ ಸ್ವರ ಆಧಾರದ ಹಾಡಿಗೆ ಹೀಗೆ ಹಿಡಿದು ನೋಡಿ:

ಜಿ ಸಿಕ್ಸ್‌ಗೆ ಆರನೇ ತಂತಿ 3ನೇ ಫ್ರೆಟ್, ನಾಲ್ಕನೇದು 2, ಮೂರನೇದು 4.
ಎ ಮೈನರ್ ಸೆವೆನ್‌ಗೆ ಮೂರೂ ತಂತಿ 5ನೇ ಫ್ರೆಟ್.
ಡಿ ಸೆವೆನ್‌ಗೆ ಅದೇ ಹಿಡಿತ, ನಾಲ್ಕನೇ ತಂತಿ ಮಾತ್ರ 5ರಿಂದ 4ಕ್ಕೆ.

ಎ ಮೈನರ್‌ನಿಂದ ಡಿಗೆ ಹೋಗುವಾಗ ಒಂದೇ ಬೆರಳು ಒಂದೇ ಫ್ರೆಟ್ ಇಳಿಯಿತು ನೋಡಿ. ಆ ಒಂದು ಸ್ವರ ಇಳಿಯೋದನ್ನ ರೆಸೊನೇಟರ್ ಎಷ್ಟು ಸ್ಪಷ್ಟವಾಗಿ ಹೇಳುತ್ತೆ ಅಂದ್ರೆ, ಪಕ್ಕದಲ್ಲಿ ಇನ್ನೊಂದು ವಾದ್ಯ ಸಣ್ಣ ರಾಗ ಹಾಡಿದ ಹಾಗಿರುತ್ತೆ. ನನ್ನ ಹೆಸರಿಗೆ ಮೂರನೇ ತಂತಿ ಅಂತ ಇಟ್ಕೊಂಡದ್ದೂ ಇಂಥ ಒಳರಾಗಗಳ ಆಸೆಗೇ. ಐದನೇ ತಂತಿ ಸದ್ದು ಮಾಡಬಾರದು, ಆರನೇ ತಂತಿ ಒತ್ತಿದ ಬೆರಳಿನ ತುದಿ ಅದನ್ನು ತಾಕಿಕೊಂಡಿರಲಿ. ಒಂದು, ಎರಡನೇ ತಂತಿಗಳನ್ನು ಬೆರಳಿನ ಕೆಳಭಾಗ ಮುಟ್ಟಿ ಸುಮ್ಮನಿರಿಸಲಿ.

ಅಂಗೈ ಅದುಮೋಕೆ ಆಗಲ್ಲ ಅಂದ್ರಿ. ಕೈಪಟ್ಟಿ ಕೆಳಗೆ ಬ್ರಿಜ್ ಇದೆ, ಹಾಗೆ ಅದುಮೋದು ಕಷ್ಟ, ಆ ಪ್ರಯತ್ನ ಬಿಡಿ. ಸದ್ದು ನಿಲ್ಲಿಸೋ ಕೆಲಸ ಎಡಗೈದು. ಮೀಟಿದ ಕೂಡಲೇ ಒತ್ತಡ ಬಿಡಬೇಕು, ಆದ್ರೆ ಬೆರಳು ತಂತಿ ಬಿಟ್ಟು ಏಳಬಾರದು. ಎದ್ದರೆ ತೆರೆದ ತಂತಿಗಳು ಮೊಳಗಿ ಎಲ್ಲ ಹಾಳು. ಈ ಬಿಡುವಿಕೆ ಕಲಿಯೋಕೆ ನನಗೆ ಎಂಟು ತಿಂಗಳು ಬೇಕಾಯ್ತು. ಮೆಟ್ರೋನೋಮ್ ಎರಡು ಮತ್ತು ನಾಲ್ಕನೇ ಎಣಿಕೆಗೆ ಮಾತ್ರ ಹೊಡೆಯೋ ಹಾಗೆ ಇಟ್ಟು, ನಿಮಿಷಕ್ಕೆ 100ರ ಲಯದಲ್ಲಿ ಒಂದೇ ಕಾರ್ಡ್ ಹತ್ತು ನಿಮಿಷ ನುಡಿಸ್ತಿದ್ದೆ. ಗಮನ ಎಲ್ಲ ಸ್ವರ ಎಲ್ಲಿ ಶುರುವಾಯ್ತು ಅನ್ನೋದರ ಮೇಲಲ್ಲ, ಎಲ್ಲಿ ಮುಗೀತು ಅನ್ನೋದರ ಮೇಲೆ.

ಬಲಗೈ ಕವಚದ ತಟ್ಟೆ (ಕೋನ್ ಮುಚ್ಚಿರೋ ಲೋಹದ ತಟ್ಟೆ) ಮೇಲೆ ಬೇಡ, ಕುತ್ತಿಗೆ ಮೈಗೆ ಸೇರೋ ಜಾಗಕ್ಕೆ ತನ್ನಿ. ಪಿಕ್ ತೆಳುವಾದಷ್ಟೂ ಚಟಚಟ ಜಾಸ್ತಿ, ಅದು ನಿಮಗೇ ಗೊತ್ತಾಗಿದೆ. ಒಂದೂವರೆ ಮಿಲಿಮೀಟರ್ ದಪ್ಪದ್ದು, ಅಂಚು ಗುಂಡಗಿರೋದು ಹಿಡೀರಿ. ಕಂಚಿನ ತಂತಿ ತೆಗೆದು ನಿಕಲ್ ಸುತ್ತಿನವು ಹಾಕಿ.

ಇನ್ನೊಂದು ಮಾತು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಕೋನ್ ಸದ್ದು ಎಸೆಯೋದು ಮುಂದಕ್ಕೆ. ಹಿಂದೆ ಕೂತ ನಿಮ್ಮ ಕಿವಿಗೆ ಅದರ ಚೂಪು ಅರ್ಧವೂ ಬರಲ್ಲ. ನಾನು ವರ್ಷಗಟ್ಟಲೆ "ಇನ್ನೂ ಸ್ವಲ್ಪ ಸ್ಪಷ್ಟ ಬರಲಿ" ಅಂತ ಜೋರಾಗಿ ಹೊಡೀತಿದ್ದೆ. ಒಂದು ದಿನ ಫೋನನ್ನು ಎದುರಿಗೆ ಎಂಟು ಹೆಜ್ಜೆ ದೂರದ ಕುರ್ಚಿ ಮೇಲಿಟ್ಟು ಧ್ವನಿಮುದ್ರಿಸಿ ಕೇಳಿದೆ. ಪಿಟೀಲಿನವರು ಅಷ್ಟು ದಿನ ಹೇಗೆ ಸಹಿಸಿಕೊಂಡಿದ್ದರೋ ಅಂತ ನಾಚಿಕೆ ಆಯ್ತು, ಆವತ್ತೇ ಹೋಗಿ ಕ್ಷಮೆ ಕೇಳಿದೆ. ನೀವೂ ಕ್ಲಾರಿನೆಟ್‌ನವರ ಕುರ್ಚಿ ಮೇಲೆ ಫೋನ್ ಇಟ್ಟು ಒಮ್ಮೆ ಕೇಳಿ.

ಬಾಸ್‌ಬದಿ:

ನಾನು ಡಬಲ್ ಬಾಸ್. ರೆಸೊನೇಟರ್ ನುಡಿಸೋರ ಪಕ್ಕದಲ್ಲಿ ಆರು ವರ್ಷ ನಿಂತವನು.

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಗಿಟಾರ್ ಮೀಟಿದ ಕ್ಷಣ ಅಷ್ಟು ಚೂಪಾಗಿ ಕೇಳಿದ್ರೆ, ತಾಳ ಎಲ್ಲಿದೆ ಅಂತ ತಂಡ ನಿಮ್ಮ ಕಡೆಯೇ ನೋಡುತ್ತೆ. ಬಾಸಿನ ಸ್ವರ ಅರಳೋಕೆ ಕೊಂಚ ಹೊತ್ತು ಬೇಕು. ಇಬ್ಬರೂ ಒಂದೇ ಕ್ಷಣಕ್ಕೆ ಬೆರಳು ಹಾಕಿದ್ರೂ ನೀವು ಮುಂದೆ ಓಡ್ತಿರೋ ಹಾಗೆ ಕೇಳುತ್ತೆ. ಅದಕ್ಕೆ ನಾನು ಹಿಂದಕ್ಕೆ ಎಳೀತೀನಿ, ನೀವು ಇನ್ನೂ ಮುಂದೆ ಹೋಗ್ತೀರಿ. ಎತ್ತು ಏರಿಗೆ, ಕೋಣ ನೀರಿಗೆ.

ಎಡಗೈ ಕಡೆ ನೋಡಬೇಡಿ, ಬಾಸಿನವರ ಬಲಗೈ ಬೆರಳು ನೋಡಿ. ಅವರ ಬೆರಳು ತಂತಿ ಬಿಟ್ಟ ಮೇಲೆ ನಿಮ್ಮ ಪಿಕ್ ಇಳೀಲಿ. ಒಂದು ಮತ್ತು ಮೂರನೇ ಎಣಿಕೆಯಲ್ಲಿ ಆರನೇ ತಂತಿಯನ್ನು ಬರೀ ಸೋಕಿ, ಕೆಳಗಿನ ಸ್ವರ ನಮಗೆ ಬಿಡಿ. ನಮ್ಮ ಗಿಟಾರಿನವರು ಹಾಗೆ ಮಾಡಿದ ಮೊದಲ ರಾತ್ರಿ ನನಗೆ ನನ್ನ ಬಾಸ್ ಎರಡು ಪಟ್ಟು ದೊಡ್ಡದಾದ ಹಾಗೆ ಕೇಳಿಸಿತು.

ಮಡಿಲಗಿಟಾರ್:

ಚರ್ಚೆ ಮಾಮೂಲಿಯಾಗಿ ಎದೆಗೆ ಹಿಡಿದು ನುಡಿಸುವ ದುಂಡು ಕುತ್ತಿಗೆಯ ಗಿಟಾರಿನ ಸುತ್ತಲೇ ನಡೆದಿದೆ. ಮಡಿಲಲ್ಲಿ ಮಲಗಿಸಿ, ತಂತಿ ಮೇಲೆ ಉಕ್ಕಿನ ಬಾರ್ (ಸಣ್ಣ ಸರಳು) ಇಟ್ಟು ನುಡಿಸುವವರ ಪರವಾಗಿ ನಾಲ್ಕು ಮಾತು ಬರೆಯುತ್ತೇನೆ, ಏಕೆಂದರೆ ರೆಸೊನೇಟರ್‌ಗೆ ಜಾಝ್ ಮೊದಲು ಬಂದದ್ದು ಈ ಬಾಗಿಲಿನಿಂದ. ಹೊನೊಲುಲುವಿನಲ್ಲಿ 1902ರಲ್ಲಿ ಹುಟ್ಟಿದ ಸೋಲ್ ಹೊಓಪಿಇ 1920ರ ದಶಕದ ಕೊನೆಯಲ್ಲೇ ಟ್ರೈಕೋನಿನ ಮೇಲೆ ಅಪ್ಪಟ ಜಾಝ್ ಪದಗುಚ್ಛಗಳನ್ನು ನುಡಿಸುತ್ತಿದ್ದರು. ಅವರ ಬಾರ್ ಸ್ವರದಿಂದ ಸ್ವರಕ್ಕೆ ಜಾರುವುದಿಲ್ಲ, ನೆಗೆಯುತ್ತದೆ. ಜಾರಿಕೆ ಬೇಕಾದ ಕಡೆ ಮಾತ್ರ ಬರುತ್ತದೆ. ಈ ಸಂಯಮವನ್ನು ಕಲಿಯಲು ಅವರ ಧ್ವನಿಮುದ್ರಿಕೆಗಳಿಗಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ.

ಬಾರ್ ನೇರವಾಗಿರುವುದರಿಂದ ಬೇಕೆಂದ ಕಾರ್ಡನ್ನೆಲ್ಲ ಹಿಡಿಯಲಾಗದು. ಅದಕ್ಕೇ ಶ್ರುತಿ ಮುಖ್ಯ. ನಾನು ಸಿ ಸಿಕ್ಸ್ ಶ್ರುತಿ ಕೂಡಿಸುತ್ತೇನೆ, ದಪ್ಪ ತಂತಿಯಿಂದ ಸಿ, ಇ, ಜಿ, ಎ, ಸಿ, ಇ. ಬಾರ್ ಒಂದೇ ಜಾಗದಲ್ಲಿದ್ದರೂ ಬಾಸ್ ಬದಲಾದಂತೆ ಅರ್ಥ ಬದಲಾಗುತ್ತದೆ. ಬಾಸ್ ಸಿ ನುಡಿಸಿದರೆ ಸಿ ಸಿಕ್ಸ್, ಎ ನುಡಿಸಿದರೆ ಎ ಮೈನರ್ ಸೆವೆನ್, ಎಫ್ ನುಡಿಸಿದರೆ ಎಫ್ ಮೇಜರ್ ನೈನ್. ಮೇಲಿನ ಮೂರು ತಂತಿಗಳನ್ನಷ್ಟೇ ಮೀಟಿ, ಬಾಸ್ ಡಿ ಹಿಡಿದಿದ್ದರೆ ಮೂರನೇ ಸ್ವರವಿಲ್ಲದ ಡಿ ನೈನ್. ಪಿಟೀಲು ಅಥವಾ ಕ್ಲಾರಿನೆಟ್ ಆ ಬಿಟ್ಟುಹೋದ ಸ್ವರವನ್ನು ತಾನಾಗಿ ಮುಟ್ಟಿದಾಗ ಆಗುವ ಸಂತೋಷ ದೊಡ್ಡದು.

ತಾಳ ಹಿಡಿಯುವ ಕೆಲಸಕ್ಕೆ ಮಾತ್ರ ಇದು ಹೊಂದದು. ನಾಲ್ಕು ಜನರ ತಂಡದಲ್ಲಿ ನೀವೊಬ್ಬರೇ ಗಿಟಾರಿನವರಾದ್ದರಿಂದ ನಿಮಗೆ ಈ ದಾರಿ ಹೇಳುವುದಿಲ್ಲ. ಎರಡನೇ ಗಿಟಾರ್ ಸೇರಿದ ದಿನ ಯೋಚಿಸಿ.

ಒಂಟಿಕೋನ್:

ಮೂವರಿಗೂ ತುಂಬಾ ಧನ್ಯವಾದ. ಹನ್ನೆರಡು ದಿನ ಬಿಟ್ಟು ಬರೀತಿದ್ದೇನೆ, ಮಾಡಿ ನೋಡದೆ ಬರೆಯೋದು ಬೇಡ ಅನ್ನಿಸಿತ್ತು.

ಮೊದಲು ಫೋನ್ ಇಟ್ಟು ಕೇಳಿದೆ. ಕ್ಲಾರಿನೆಟ್‌ನವರು ಹೇಳಿದ್ದು ನಿಜ. ನಾನು ಕೂತಲ್ಲಿ ದುಂಡಗೆ ಕೇಳ್ತಿದ್ದ ಕಾರ್ಡ್ ಅಲ್ಲಿ ಬೇರೆಯೇ ಇತ್ತು.

ಮೂರು ಸ್ವರದ ಕಾರ್ಡ್ ಮೊದಲೆರಡು ದಿನ ಬರಿದು ಅನ್ನಿಸಿತು, ಏನೋ ಬಿಟ್ಟುಹೋದ ಹಾಗೆ. ಬಾಸ್ ಜೊತೆ ಕೂತಾಗ ಆ ಬರಿದು ಹೋಯ್ತು. ನಿನ್ನೆ 190ರ ಲಯದಲ್ಲಿ ಒಂದು ಹಾಡು ಪೂರ್ತಿ ನುಡಿಸಿದ್ವಿ. ಮುಗಿದ ಮೇಲೆ ಕ್ಲಾರಿನೆಟ್‌ನವರು ಏನೂ ಹೇಳಲಿಲ್ಲ, ಮುಂದಿನ ಹಾಡಿನ ಹಾಳೆ ತಿರುವಿದರು. ಅವರ ಮಟ್ಟಿಗೆ ಅದು ಒಪ್ಪಿಗೆ.

ಎರಡು ತೊಡಕು ಉಳಿದಿವೆ. ಕಾರ್ಡ್ ನಿಲ್ಲಿಸಿದ ಮೇಲೂ ಎಲ್ಲಿಂದಲೋ ಸಣ್ಣಗೆ ಝೇಂಕಾರ ಬರ್ತಾ ಇದೆ, ತಂತಿಗಳನ್ನೆಲ್ಲ ಅದುಮಿ ಹಿಡಿದರೂ ನಿಲ್ಲಲ್ಲ. ಇನ್ನೊಂದು, ನಿಕಲ್ ತಂತಿ ಹಾಕೋಕೆ ಆರೂ ತಂತಿ ಒಟ್ಟಿಗೆ ತೆಗೆದೆ. ಆಮೇಲಿಂದ ನಾಲ್ಕನೇ ತಂತಿ ಜೋರಾಗಿ ಮೀಟಿದರೆ ಗರಗರ ಅನ್ನುತ್ತೆ. ಕೋನ್ ಹಾಳಾಯ್ತಾ ಅಂತ ಹೆದರಿಕೆ.

ಮೂರನೇತಂತಿ:

190ಕ್ಕೆ ಹೋದ್ರಲ್ಲ, ಓದಿ ತುಂಬಾ ಖುಷಿ ಆಯ್ತು. ಬಾಸಿನವರ ಮಾತೂ ಪಾಲಿಸಿ, ಅದು ನನ್ನ ಉದ್ದ ಬರಹಕ್ಕಿಂತ ಬೆಲೆ ಬಾಳೋದು.

ಝೇಂಕಾರ ಬ್ರಿಜ್‌ನಿಂದ ಆಚೆಗೆ, ಬ್ರಿಜ್‌ಗೂ ಬಾಲಪಟ್ಟಿಗೂ (ತಂತಿಗಳ ತುದಿ ಸಿಕ್ಕಿಸಿರೋ ಪಟ್ಟಿ) ನಡುವೆ ಇರೋ ತಂತಿ ತುಂಡುಗಳದ್ದು. ನೀವು ಅದುಮಿದ್ದು ಈಚೆ ಕಡೆ, ಅವು ಆಚೆ ಮೊಳಗ್ತಾನೇ ಇರ್ತವೆ. ಬೆರಳಗಲದ ಮೆತ್ತನೆ ಚರ್ಮದ ಪಟ್ಟಿ ತಗೊಂಡು ಆ ಆರೂ ತುಂಡುಗಳ ಮೇಲೆ ಕೆಳಗೆ ಹೆಣೆದು ಬಿಡಿ. ಉಣ್ಣೆ ಬಟ್ಟೆ ಆದರೂ ನಡೆಯುತ್ತೆ. ನನ್ನದರಲ್ಲಿ ಹಳೇ ಚರ್ಮದ ಪಟ್ಟಿಯ ತುಂಡು ಒಂಬತ್ತು ವರ್ಷದಿಂದ ಇದೆ.

ಗರಗರಕ್ಕೆ ಹೆದರಬೇಡಿ. ಬಿಸ್ಕಟ್ ಕೋನ್ ಅದರ ಜಾಗದಲ್ಲಿ ಕೂತಿರೋದು ತಂತಿಗಳ ಒತ್ತಡದಿಂದಲೇ, ಅದನ್ನು ಬೇರೇನೂ ಅಂಟಿಸಿ ಹಿಡಿದಿಲ್ಲ. ಆರೂ ಒಟ್ಟಿಗೆ ತೆಗೆದಾಗ ಕೋನ್ ಎದ್ದು ಒಂದು ಕೂದಲೆಳೆ ಸರಿದು ಕೂತಿರುತ್ತೆ. ಮೊದಲು ಸುಮ್ಮನೆ ಶ್ರುತಿಗೆ ತಂದು ಒಂದು ರಾತ್ರಿ ಬಿಡಿ, ಎಷ್ಟೋ ಸಲ ತಾನೇ ಸರಿಹೋಗುತ್ತೆ. ಆಗಲಿಲ್ಲ ಅಂದ್ರೆ ಕವಚದ ತಟ್ಟೆಯ ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಸಡಿಲ ಇದ್ದದ್ದು ಬಿಗಿ ಮಾಡಿ, ಆದ್ರೆ ತಿರುಪು ತಡೆದು ನಿಂತಲ್ಲಿಗೆ ಸಾಕು, ಜಗ್ಗಿ ತಿರುಗಿಸಬೇಡಿ. ಅಷ್ಟಕ್ಕೂ ನಿಲ್ಲದಿದ್ರೆ ತಂತಿ ಸಡಿಲಿಸಿ ತಟ್ಟೆ ತೆಗೆದು, ಕೋನಿನ ಅಂಚು ಕೂರೋ ತೋಡಿನಲ್ಲಿ ಧೂಳು, ಮರದ ಚೂರು ಏನಾದ್ರೂ ಸಿಕ್ಕಿದೆಯಾ ನೋಡಿ ಮೆತ್ತನೆ ಕುಂಚದಿಂದ ಒರೆಸಿ. ಬಿಲ್ಲೆಯನ್ನು ಕೋನಿಗೆ ಹಿಡಿದಿರೋ ಸಣ್ಣ ತಿರುಪೂ ಸಡಿಲ ಆಗಿರಬಹುದು. ಕೋನಿನ ಮೈಯನ್ನು ಹೆಬ್ಬೆರಳಿಂದ ಒತ್ತಬೇಡಿ, ತಗ್ಗಾದರೆ ಮತ್ತೆ ಎಬ್ಬಿಸೋಕಾಗಲ್ಲ. ಅಂಚಿನಲ್ಲಿ ಮಾತ್ರ ಹಿಡೀರಿ.

ಮುಂದಿನ ಸಲ ತಂತಿ ಬದಲಿಸುವಾಗ ಒಂದು ತೆಗೆದು ಒಂದು ಹಾಕಿ, ಆಮೇಲೆ ಇನ್ನೊಂದಕ್ಕೆ ಹೋಗಿ.

ಸರಿಹೋದ ಮೇಲೆ ಒಂದು ಹಾಡಿನಲ್ಲಿ ಎಂಟು ಬಾರ್ (ಎಂಟು ತಾಳದ ಆವರ್ತ) ಸೋಲೋ ಕೇಳಿ ತಗೊಳ್ಳಿ. ತಂತಿ ಮೇಲೆ ಜಾರಿಸೋ ಸ್ಲೈಡ್ ಕೊಳವೆ ಬೇಡ, ಬರಿಬೆರಳಲ್ಲಿ ಒಂದೊಂದೇ ಸ್ವರ. ಕ್ಲಾರಿನೆಟ್ ನಿಂತ ಕೂಡಲೇ ಅದೇ ಎತ್ತರಕ್ಕೆ ನಿಮ್ಮ ಒಂಟಿ ಕೋನ್ ಎದ್ದು ನಿಲ್ಲುತ್ತೆ, ಮೈಕೂ ಬೇಕಾಗಲ್ಲ. ಅದರ ಧ್ವನಿಮುದ್ರಣ ಇಲ್ಲಿ ಹಾಕಿ. ಫೋನ್ ಮಾತ್ರ ಎದುರಿನ ಕುರ್ಚಿ ಮೇಲಿರಲಿ.